ಹಳೆಯ ಬಾಟಲಿ ಎಸೆಯಬೇಡ

ಪುಟ್ಟಿ,

ನಿನ್ನ ಪತ್ರ ಮೂರು ಸಲ ಓದಿದೆ. ಉಳಿದ ಸುದ್ದಿಯೆಲ್ಲ ಇರಲಿ. ಕೊನೆಯಲ್ಲಿ, ಸುಮ್ನೆ ಸೇರಿಸಿದ ಹಾಗೆ, ಎರಡು ಸಾಲು ಬರೆದಿದ್ದೀಯಲ್ಲ: ಕಬ್ಬಿಣದ ಕ್ಲೋರೈಡಿನ ಹೊಸ ಬಾಟಲಿ ತೆರೆದ ಮೇಲೆ ಯೀಲ್ಡ್, ಅಂದರೆ ಕೊನೆಗೆ ಕೈಗೆ ಸಿಗುವ ಉತ್ಪನ್ನ, ಶೇಕಡ 90ರಿಂದ 20ಕ್ಕೆ ಬಿದ್ದಿದೆ ಅಂತ. ಅದೂ ನಿನ್ನ ಪೇಪರುಗಳಲ್ಲೇ ಜಾಸ್ತಿ ಸೈಟೇಷನ್ ಇರುವ, ಅಂದರೆ ಬೇರೆಯವರು ತಮ್ಮ ಪೇಪರುಗಳಲ್ಲಿ ಜಾಸ್ತಿ ಉಲ್ಲೇಖಿಸಿರುವ ರಿಯಾಕ್ಷನ್. "ದೊಡ್ಡಮ್ಮ, ಕೆಲಸ ಮಾಡಿದ್ದು ಕಬ್ಬಿಣವೇ ಅಲ್ಲದಿದ್ದರೆ?" ಅಂತ ಕೇಳಿದ್ದೀಯ. ರಾತ್ರಿ ನಿದ್ದೆ ಬರಲಿಲ್ಲ.

ಇದು ನಿನಗೊಬ್ಬಳಿಗೇ ಆದದ್ದಲ್ಲ. ಸುಜುಕಿ ಕಪ್ಲಿಂಗ್ ಎಂದರೆ ಎರಡು ಅಣುಗಳನ್ನು ಜೋಡಿಸುವ ರಿಯಾಕ್ಷನ್, ಸಾಮಾನ್ಯವಾಗಿ ಪಲ್ಲಾಡಿಯಂ ಲೋಹ ಹಾಕಿ ಮಾಡುವುದು. 2003ರಲ್ಲಿ ರಸಾಯನಶಾಸ್ತ್ರಜ್ಞ ಲೆಡ್‌ಬೀಟರ್ ಅವರ ತಂಡ, ಲೋಹ ಹಾಕದೆಯೇ ಅದು ಆಗುತ್ತದೆ ಎಂದು ಪ್ರಕಟಿಸಿತು. 2005ರಲ್ಲಿ ಅದೇ ತಂಡ ಮತ್ತೆ ಪರೀಕ್ಷಿಸಿ ಬರೆಯಿತು: ಬಳಸಿದ ಸೋಡಿಯಂ ಕಾರ್ಬೋನೇಟಿನಲ್ಲೇ ಪಲ್ಲಾಡಿಯಂ ಇತ್ತು, ನೂರು ಕೋಟಿಯಲ್ಲಿ 50 ಭಾಗದಷ್ಟು. ಅಷ್ಟು ಸಾಕಾಗಿತ್ತು ನೋಡು. ನಿನ್ನ ಕಬ್ಬಿಣದ ಕಥೆಯಂತೂ 2009ರದ್ದು. ಕಬ್ಬಿಣದ ಕ್ಲೋರೈಡ್ ಹಾಕಿದ ಕೆಲವು ರಿಯಾಕ್ಷನ್‌ಗಳಲ್ಲಿ ಅದರೊಳಗೆ ಅಡಗಿದ್ದ ತಾಮ್ರದ ಕೈವಾಡ ಇದೆ ಎಂದು ಬುಕ್‌ವಾಲ್ಡ್ ಮತ್ತು ಬೋಲ್ಮ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಸೇರಿ ಬರೆದರು. ಅಂಥ ರಿಯಾಕ್ಷನ್‌ಗಳನ್ನು ಮೊದಲು ಪ್ರಕಟಿಸಿದ್ದವರಲ್ಲಿ ಬೋಲ್ಮ್ ಕೂಡ ಇದ್ದರು.

ಇದೆಲ್ಲ ನೀನು ಓದಿರುತ್ತೀಯ. ಓದಿದ ಮಾತ್ರಕ್ಕೆ ಆ ಭಯ ಹೋಗುವುದಿಲ್ಲ, ಅಲ್ವಾ?

ನನ್ನದೂ ಒಂದು ಪೇಪರ್ ಇತ್ತು. ನಿನ್ನಮ್ಮನಿಗೂ ಹೇಳಿಲ್ಲ. ನಿಕಲ್ ಕೆಟಲಿಸ್ಟಿನಿಂದ ಹೈಡ್ರೋಜನೇಷನ್, ಅಂದರೆ ರಿಯಾಕ್ಷನ್ನಿಗೆ ವೇಗ ಕೊಡಲು ನಿಕಲ್ ಹಾಕಿ ಅಣುವಿಗೆ ಹೈಡ್ರೋಜನ್ ಸೇರಿಸುವುದು. ಆಗ ಸೈಟೇಷನ್ ನೋಡಬೇಕೆಂದರೆ ಲೈಬ್ರರಿಯಲ್ಲಿ ದಪ್ಪ ಸಂಪುಟ ಇಳಿಸಿ, ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಸ್ಕೇಲ್ ಇಟ್ಟು ಹುಡುಕಬೇಕಿತ್ತು. ಹುಡುಕುತ್ತಿದ್ದೆ. ಹೆಸರಿನ ಕೆಳಗೆ ಸಾಲು ಹೆಚ್ಚಿದಷ್ಟೂ ಖುಷಿ. ಮುಂದಿನ ವರ್ಷ ಆಟೋಕ್ಲೇವಿನ, ಅಂದರೆ ರಿಯಾಕ್ಷನ್ ಮಾಡುವ ಒತ್ತಡದ ಪಾತ್ರೆಯ, ಒಳಗಿನ ಟೆಫ್ಲಾನ್ ಲೈನರ್ ಬದಲಿಸಿದೆವು. ರಿಯಾಕ್ಷನ್ ನಿಂತೇಹೋಯಿತು. ಹಳೆಯ ಲೈನರಿನಲ್ಲಿ ನಮಗಿಂತ ಮುಂಚೆ ಯಾರೋ ಪಲ್ಲಾಡಿಯಂ ಬಳಸಿದ್ದರು. ಅನುಮಾನ ಅವತ್ತೇ ಬಂತು. ಗೈಡ್‌ಗೆ ಹೇಳಿದೆ. ಇನ್ನೊಂದು ಸಲ ಮಾಡಿ ನೋಡು ಎಂದರು. ಮಾಡಲಿಲ್ಲ. ಮಾಡಿದರೆ ಗೊತ್ತಾಗಿಬಿಡುತ್ತದಲ್ಲ, ಅದಕ್ಕೇ.

ಎಷ್ಟೋ ವರ್ಷದ ಮೇಲೆ ಒಂದು ಸಮ್ಮೇಳನದಲ್ಲಿ ಒಬ್ಬ ಹುಡುಗ ಹುಡುಕಿಕೊಂಡು ಬಂದ. ನನ್ನ ಪೇಪರ್ ನಂಬಿ ವರ್ಷವಿಡೀ ಒದ್ದಾಡಿದ್ದನಂತೆ. ಎಲ್ಲಿ ತಪ್ಪುತ್ತಿದ್ದೇನೆ ಹೇಳಿ ಮೇಡಂ ಅಂದ. ತಪ್ಪು ತನ್ನದೇ ಎಂದುಕೊಂಡಿದ್ದ ಪಾಪ. ನಿಕಲನ್ನು ಸರಿಯಾಗಿ ರಿಡ್ಯೂಸ್ ಮಾಡಿದ್ದೆಯಾ ಎಂದು ಕೇಳಿದೆ. ಅಷ್ಟೇ ಕೇಳಿದೆ, ಪುಟ್ಟಿ.

ಎಚ್-ಇಂಡೆಕ್ಸ್, ಅದೇ ಪೇಪರು ಮತ್ತು ಸೈಟೇಷನ್ ಎಣಿಸಿ ವಿಜ್ಞಾನಿಗೆ ಕೊಡುವ ಅಂಕ, ಏನಾಗುತ್ತದೋ ಎಂದೂ ಬರೆದಿದ್ದೀಯ. ಹಿರ್ಷ್ 2005ರಲ್ಲಿ ಕೊಟ್ಟ ಆ ಲೆಕ್ಕದಲ್ಲಿ ಒಂದು ಪೇಪರ್ ಹೋದರೆ ಹೆಚ್ಚೆಂದರೆ ಒಂದು ಇಳಿಯುತ್ತದೆ. ಇನ್ನು ಸೈಟೇಷನ್ ಅಂದರೆ, ಚೆನ್ನಾಗಿದೆ ಎಂದು ಬರೆದರೂ ಒಂದೇ, ನಮಗಿದು ಬರಲಿಲ್ಲ ಎಂದು ಬರೆದರೂ ಒಂದೇ. ನನ್ನ ಲೆಕ್ಕದಲ್ಲಿ ಆ ಹುಡುಗನದೂ ಒಂದು ಇರಬೇಕು. ಆದರೆ ನೀನು ಕೆಲಸಕ್ಕೆ ಅರ್ಜಿ ಹಾಕುತ್ತಿರುವ ವರ್ಷ ಇದು. ಈ ಮಾತಿನಿಂದ ಸಮಾಧಾನ ಆಗದು, ಗೊತ್ತು. ಫ್ರಾನ್ಸಿಸ್ ಅರ್ನಾಲ್ಡ್ ಅವರಿಗೆ 2018ರಲ್ಲಿ ನೊಬೆಲ್ ಬಂತು. 2020ರ ಜನವರಿಯಲ್ಲಿ, ಮತ್ತೆ ಮಾಡಿದರೆ ಬರುತ್ತಿಲ್ಲ ಎಂದು ತಮ್ಮ ಕಿಣ್ವದ ಪೇಪರೊಂದನ್ನು ಹಿಂದಕ್ಕೆ ಪಡೆದರು. ನೊಬೆಲ್ ಬಂದವರಿಗೆ ಸುಲಭ ಅನ್ನುತ್ತೀಯ. ಹೌದು, ಸುಲಭವೇ.

ಲ್ಯಾಬ್ ಬಿಟ್ಟು ನನಗೆ ಬಹಳ ವರ್ಷ ಆಯಿತು, ಈಗಿನ ರೀತಿ ಬೇರೆ ಇರಬಹುದು. ಆದರೂ, ಎರಡೂ ಬಾಟಲಿಯ ಪುಡಿಯನ್ನು, ಲೋಹದ ಲವಲೇಶವನ್ನೂ ಅಳೆಯುವ ಐಸಿಪಿ-ಎಂಎಸ್ ಪರೀಕ್ಷೆಗೆ ಕೊಡು. ಹೊಸ ಫ್ಲಾಸ್ಕ್, ಕಲಕಲು ಹೊಸ ಸ್ಟಿರ್ ಬಾರ್ ತೆಗೆದುಕೋ. ಹಳೆಯ ಸ್ಟಿರ್ ಬಾರಿನ ಗೀರುಗಳಲ್ಲೂ ಲೋಹ ಕೂತಿರುತ್ತದೆ. ಹೊಸ ಬಾಟಲಿಯದಕ್ಕೆ ಬೇಕೆಂದೇ ಚೂರು ತಾಮ್ರ ಸೇರಿಸಿ ನೋಡು. ಯೀಲ್ಡ್ ಮತ್ತೆ ಏರಿದರೆ... ಏರಿದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ. ಜರ್ನಲ್‌ಗೆ ಬರೆಯುವ ಪತ್ರವನ್ನು ಇಬ್ಬರೂ ಕೂತು ಬರೆಯೋಣ. ನಿನ್ನ ಗೈಡ್ ಒಪ್ಪುತ್ತಾರೋ ಇಲ್ಲವೋ, ನಾನು ಹೇಳಲಾರೆ.

ಹಳೆಯ ಬಾಟಲಿಯ ತಳದಲ್ಲಿ ಏನಾದರೂ ಉಳಿದಿದೆಯಾ? ಖಾಲಿಯಾಗಿದ್ದರೂ ಎಸೆಯಬೇಡ. ಲಾಟ್ ನಂಬರ್ ಇವತ್ತೇ ಬರೆದಿಟ್ಟುಕೋ. ನಮ್ಮ ಹಳೆಯ ಲೈನರನ್ನು, ಪಲ್ಲಾಡಿಯಂ ಅನ್ನೂ ಕರಗಿಸುವ ಆಮ್ಲ ಅಕ್ವಾ ರೀಜಿಯಾ ಹಾಕಿ ತೊಳೆದಿಟ್ಟವಳು ನಾನೇ.

ನಿನ್ನ
ದೊಡ್ಡಮ್ಮ