ಮಗ ‘ಶಿರಸಿ’ ಎಂದು ಓದಿದ ದಿನ

ಕಳೆದ ವಾರ ಬೆಳಗಿನ ಪ್ರಾರ್ಥನೆಯಲ್ಲಿ ಪೇಪರ್ ಓದುವ ಸರದಿ ನನ್ನ ಮಗನದು. ಕಾರವಾರದ ಸರ್ಕಾರಿ ಶಾಲೆ, ಮೂರನೇ ಕ್ಲಾಸು. ನಾನು ಗೇಟಿನ ಹತ್ತಿರ ನಿಂತಿದ್ದೆ. ಮೊದಲ ಸುದ್ದಿಯೇ ಶಿರಸಿಯದು. ‘ಶಿರಸಿ’ ಎಂದು ಓದಿದ. ಶ ಕೂಡ ಬಂತು, ಸ ಕೂಡ ಬಂತು. ಉಳಿದವರಿಗೆ ಅದೊಂದು ಊರಿನ ಹೆಸರು, ಅಷ್ಟೇ. ನನಗೆ ಕಣ್ಣು ತುಂಬಿ ಬಂತು. ಈ ಎರಡು ಅಕ್ಷರದ ಹಿಂದೆ ಇರುವವರಿಗೆಲ್ಲ ಥ್ಯಾಂಕ್ಸ್ ಹೇಳಲೇಬೇಕು ಅನಿಸಿತು.

ನಾಲ್ಕೂವರೆ ವರ್ಷದವರೆಗೂ ಅವನಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ ಎಂದು ನಮಗೆ ಗೊತ್ತೇ ಇರಲಿಲ್ಲ. ಬಾಗಿಲು ಬಡಿದರೆ ತಿರುಗುತ್ತಿದ್ದ. ಬೈತಖೋಲ ಬಂದರಿನಲ್ಲಿ ಬೋಟಿನ ಇಂಜಿನ್ ಸದ್ದು ಕೇಳಿದರೆ ಕುಣಿಯುತ್ತಿದ್ದ. ಮತ್ತೆ ಅನುಮಾನ ಎಲ್ಲಿಂದ ಬರಬೇಕು? ದಪ್ಪ ಸದ್ದು ಕೇಳುತ್ತಿತ್ತು, ಸ, ಶ, ಚ ಥರದ ತೆಳು ಸದ್ದು ಕಿವಿಗೆ ಬೀಳುತ್ತಿರಲಿಲ್ಲ. ಶಾಲೆಗೆ ‘ಆಲೆ’ ಎನ್ನುತ್ತಿದ್ದ. ನಾವು ಮುದ್ದು ಮಾತು ಅಂದುಕೊಂಡೆವು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ, ಮಗುವಿಗೆ ಗೊಂದಲ ಆಗಿದೆ ಎಂದವರೂ ಇದ್ದರು.

ಮೊದಲು ಕಂಡುಹಿಡಿದವರು ಅಂಗನವಾಡಿ ಅಕ್ಕೋರು. ಹಿಂದೆ ನಿಂತು ಮೆಲ್ಲಗೆ ಕರೆದರೆ ತಿರುಗುವುದಿಲ್ಲ, ನನ್ನ ಬಾಯಿ ನೋಡಿಯೇ ಉತ್ತರ ಕೊಡುತ್ತಾನೆ ಎಂದರು. ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ನೋಡುವ ಆರ್‌ಬಿಎಸ್‌ಕೆ ತಂಡ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ತಂಡ) ಬಂದಾಗ ಅವರೇ ಇವನನ್ನು ಮುಂದೆ ನಿಲ್ಲಿಸಿದರು. ಅಕ್ಕೋರೇ, ನಿಮಗೆ ಮೊದಲ ನಮಸ್ಕಾರ.

ಆಮೇಲೆ ರಾತ್ರಿ ಬಸ್ಸು ಹಿಡಿದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಆಯಿಷ್‌ಗೆ, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಮಗು ನಿದ್ದೆಯಲ್ಲಿದ್ದಾಗಲೇ ಬೇರಾ ಟೆಸ್ಟ್ ಆಯಿತು, ಸದ್ದಿಗೆ ಕಿವಿಯ ನರ ಹೇಗೆ ಸ್ಪಂದಿಸುತ್ತದೆ ಎಂದು ನೋಡುವುದು. ಎರಡೂ ಕಿವಿಗೆ ಮಷೀನು ಬೇಕು ಎಂದರು. ಅಲ್ಲಿನ ಮೇಡಂ ಹೇಳಿದ ಒಂದು ಮಾತು ನನ್ನ ಎದೆಯ ಭಾರ ಇಳಿಸಿತು. ಎರಡು ಭಾಷೆಯಿಂದ ಹೀಗೆ ಆಗುವುದಿಲ್ಲ, ಮನೆಯಲ್ಲಿ ಕೊಂಕಣಿಯಲ್ಲೇ ಮಾತಾಡಿ, ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಗು ಜಾಸ್ತಿ ಕಲಿಯುತ್ತದೆ ಎಂದರು. ಹುಟ್ಟಿದ ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಮೂರು ತಿಂಗಳೊಳಗೆ ತೊಂದರೆ ಖಚಿತ ಮಾಡಿಕೊಳ್ಳುವುದು, ಆರು ತಿಂಗಳೊಳಗೆ ಚಿಕಿತ್ಸೆ ಶುರು ಆಗಬೇಕು ಎಂದು ತಿಳಿದದ್ದೂ ಅಲ್ಲೇ. ನಮಗೆ ನಾಲ್ಕೂವರೆ ವರ್ಷ ಹೋಗಿತ್ತು. ಆ ಸಂಕಟ ಈಗಲೂ ಇದೆ. ಮನೆಯಲ್ಲಿ ಹಸುಗೂಸು ಇರುವವರು ಆ ಮೊದಲ ತಿಂಗಳ ಕಿವಿ ಪರೀಕ್ಷೆ ಬಗ್ಗೆ ಕೇಳಿ. ಮಗು ಮಲಗಿದ್ದಾಗ ಕೆಲವೇ ನಿಮಿಷದ ಕೆಲಸ.

ಒಂದು ಶಾಲೆಯಲ್ಲಿ ಮಷೀನು ನೋಡಿದ ಕೂಡಲೇ ‘ಸ್ಪೆಷಲ್ ಸ್ಕೂಲಿಗೆ ಹಾಕಿ’ ಎಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಹಾಗೆ ವಾಪಸ್ ಕಳಿಸುವಂತಿಲ್ಲ. ನನಗೆ ಅವತ್ತು ಗೊತ್ತಿರಲಿಲ್ಲ, ಸುಮ್ನೆ ಎದ್ದು ಬಂದೆ. ಆ ವಿಷಯ ಸಾಕು.

ಈಗ ನಮ್ಮ ನಲಿಕಲಿ ಅಕ್ಕೋರ ಬಗ್ಗೆ. ಒಂದರಿಂದ ಮೂರರವರೆಗೆ ಮಗ ಅವರ ಕೈಯಲ್ಲೇ ಬೆಳೆದ. ನಲಿಕಲಿ ಅಂದರೆ ಮಕ್ಕಳು ಗುಂಪು ಗುಂಪಾಗಿ ಕೂತು ಒಟ್ಟಿಗೇ ಮಾತಾಡುವ ಕ್ಲಾಸು. ಮಷೀನು ಕನ್ನಡಕದ ಹಾಗಲ್ಲ, ಪಾಠವನ್ನೂ ದೊಡ್ಡದು ಮಾಡುತ್ತದೆ, ಬೆಂಚು ಎಳೆದ ಸದ್ದನ್ನೂ. ಅಕ್ಕೋರು ಇವನ ಗುಂಪನ್ನು ಕಿಟಕಿಯಿಂದ ದೂರ, ತಮ್ಮ ಹತ್ತಿರ ಕೂರಿಸಿದರು. ಬೋರ್ಡಿನ ಕಡೆ ಮುಖ ಮಾಡಿ ಮಾತಾಡುವುದನ್ನೇ ಬಿಟ್ಟರು. ಬರೆದು ಮುಗಿಸಿ, ತಿರುಗಿ, ಆಮೇಲೆ ಹೇಳುವುದು. ಜೂನ್, ಜುಲೈನಲ್ಲಿ ಹೆಂಚಿನ ಮೇಲೆ ಮಳೆ ಹೊಡೆಯುವಾಗ ಪಕ್ಕದಲ್ಲೇ ಕೂತು ಹೇಳಿಕೊಟ್ಟರು.

ದಿನಾ ಬೆಳಿಗ್ಗೆ ಅವರದೊಂದು ಕೆಲಸ ಇತ್ತು. ಬಿಆರ್‌ಸಿಯಿಂದ (ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಬರುವ ಬಿಐಇಆರ್‌ಟಿ ಸರ್, ಅಂದರೆ ಇಂಥ ಮಕ್ಕಳ ಕಲಿಕೆಗೆ ನೆರವಾಗುವ ಟೀಚರ್, ಹೇಳಿಕೊಟ್ಟದ್ದು. ಇವನ ಹಿಂದೆ ನಿಂತು ಆ, ಈ, ಊ, ಮ್, ಶ್, ಸ್ ಎಂದು ಒಂದೊಂದೇ ಸದ್ದು ಮಾಡುವುದು. ಕೇಳಿಸಿದರೆ ಇವನು ಡಬ್ಬಿಗೆ ಒಂದು ಚಿಪ್ಪು ಹಾಕಬೇಕು. ಚಿಪ್ಪುಗಳನ್ನು ಬೀಚಿನಿಂದ ಆರಿಸಿ ತಂದವರು ಕ್ಲಾಸಿನ ಮಕ್ಕಳು. ಆರು ಬಿದ್ದರೆ ಮಷೀನು ಸರಿ ಇದೆ. ಒಂದು ಮಳೆಗಾಲದ ದಿನ ನಾಲ್ಕೇ ಬಿತ್ತು, ಶ್ ಮತ್ತು ಸ್ ಹೋಗಿತ್ತು. ಅಕ್ಕೋರು ತಕ್ಷಣ ಫೋನ್ ಮಾಡಿದರು. ಮಷೀನಿಗೆ ತೇವ ಹಿಡಿದಿತ್ತು. ರಾತ್ರಿ ಅದನ್ನು ಇಡುವ ಡಬ್ಬಿಯ, ತೇವ ಹೀರುವ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಬದಲಿಸಲು ನಾನು ಮರೆತಿದ್ದೆ. ಅವರು ಗಮನಿಸದಿದ್ದರೆ ವಾರವಿಡೀ ಮಗ ಅರ್ಧ ಪಾಠ ಕೇಳುತ್ತಾ ಕೂತಿರುತ್ತಿದ್ದ, ಅಲ್ವಾ?

ಮಷೀನು ಏನೆಂದು ಒಂದೇ ಸಲ ಕೇಳಿ, ಆಮೇಲೆ ಆಟಕ್ಕೆ ಎಳೆದುಕೊಂಡು ಹೋದ ಆ ಮಕ್ಕಳಿಗೂ ಥ್ಯಾಂಕ್ಸ್. ಯಾರಾದರೂ ಮಾತಾಡಲು ಶುರು ಮಾಡಿದರೆ ಇವನ ಮೊಣಕೈ ತಟ್ಟುವ ಪಕ್ಕದ ಹುಡುಗಿಗೆ ವಿಶೇಷವಾಗಿ. ದಿನಾ ಸಂಜೆ ಎದುರಿಗೆ ಕೂರಿಸಿಕೊಂಡು ಕೊಂಕಣಿಯಲ್ಲಿ ಕಥೆ ಹೇಳಿದ ನನ್ನ ಅತ್ತೆಗೂ.

ಜೂನ್‌ನಿಂದ ನಾಲ್ಕನೇ ಕ್ಲಾಸು, ಬೇರೆ ಕೋಣೆ, ಬೇರೆ ಟೀಚರ್. ನನಗೆ ಅದೇ ಚಿಂತೆ ಹತ್ತಿತ್ತು. ನಿನ್ನೆ ಹೋದಾಗ ನಲಿಕಲಿ ಅಕ್ಕೋರು ಹೊಸ ಟೀಚರನ್ನು ಇವನ ಹಿಂದೆ ನಿಲ್ಲಿಸಿಕೊಂಡು ಶ್, ಸ್ ಹೇಗೆ ಹೇಳಬೇಕೆಂದು ತೋರಿಸುತ್ತಿದ್ದರು. ಚಿಪ್ಪಿನ ಡಬ್ಬಿ ಆಗಲೇ ಹೊಸ ಟೀಚರ ಮೇಜಿನ ಮೇಲಿತ್ತು.