ಸಮುದ್ರಕ್ಕೆ ಹೊರಡುವ ಮೊದಲು ಮಕ್ಕಳ ವಯಸ್ಸು ನೋಡಿ

ಮಾನ್ಯ ಸಂಪಾದಕರೇ,

ದಸರಾ ರಜೆ ಹತ್ತಿರ ಬಂದ ಹಾಗೆ ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕರಾವಳಿ ಪ್ರವಾಸದ ಜಾಹೀರಾತು ಶುರುವಾಗಿವೆ. ಮೂರು ದಿನ, ಎಂಟು ಊರು. ಗೋಕರ್ಣ, ಇಡಗುಂಜಿ, ಮುರುಡೇಶ್ವರ, ಕೊಲ್ಲೂರು, ಉಡುಪಿ, ಮಲ್ಪೆ, ಧರ್ಮಸ್ಥಳ, ಕುಕ್ಕೆ. ದೇವರ ದರ್ಶನಕ್ಕೆಂದೇ ಹೋಗುವ ಹಿರಿಯರಿಗೆ ಇದು ಸರಿ ಇರಬಹುದು. ಆದರೆ ‘ಮಕ್ಕಳಿಗೆ ಸಮುದ್ರ ತೋರಿಸಿ’ ಅಂತ ಹೇಳಿ ಇದೇ ಪಟ್ಟಿಯನ್ನು ಮಾರುವುದು ನನಗೆ ಒಪ್ಪಿಗೆಯಿಲ್ಲ. ಇಷ್ಟು ಊರುಗಳ ನಡುವೆ ಸಮುದ್ರಕ್ಕೆ ಸಿಗುವುದು ಸಂಜೆಯ ಒಂದು ತಾಸು. ಕತ್ತಲಾಗುತ್ತಿರುತ್ತದೆ, ಮಕ್ಕಳು ದಣಿದಿರುತ್ತಾರೆ, ದೊಡ್ಡವರಿಗೆ ಬಸ್ಸು ಹತ್ತುವ ಅವಸರ. ಅನಾಹುತಕ್ಕೆ ಇನ್ನೇನು ಬೇಕು?

ಬ್ರಹ್ಮಪುರದಲ್ಲಿ ನಮ್ಮದು ಕೂಡು ಕುಟುಂಬ. ಭಾವನ ಮಗ ಪಿಯುಸಿ ಓದುತ್ತಾನೆ. ನನ್ನ ಮಗಳು ಐದನೇ ತರಗತಿ. ಮೈದುನನ ಮಗಳಿಗೆ ಮೂರು ವರ್ಷ. ಜೊತೆಗೆ ಮೊಣಕಾಲು ನೋವಿನ ನಮ್ಮ ಅತ್ತೆ, ಮಕ್ಕಳ ಪಾಲಿನ ಆಯಿ. ಹೋದ ವರ್ಷ ಇವರನ್ನೆಲ್ಲ ಕಟ್ಟಿಕೊಂಡು ಹೊನ್ನಾವರಕ್ಕೆ ಹೋಗಿದ್ದೆವು. ಬೇರೆ ಯಾವ ಊರಿಗೂ ಓಡದೆ ಅಲ್ಲೇ ಉಳಿದೆವು. ಆ ಅನುಭವದಿಂದ ಹೇಳುತ್ತಿದ್ದೇನೆ. ಊರುಗಳ ಪಟ್ಟಿ ಆಮೇಲೆ ಮಾಡಿ. ಯಾವ ವಯಸ್ಸಿನ ಮಗುವಿಗೆ ಏನು ಬೇಕು, ಯಾರ ಮೇಲೆ ಯಾರ ಕಣ್ಣಿರಬೇಕು ಅನ್ನೋದನ್ನ ಮೊದಲು ಕೂತು ಮಾತಾಡಿ.

ನಮಗೆ ಸಮುದ್ರ ಅಂದರೆ ಐನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಮುಂಬೈಗಾದರೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ, ಹಾಗಾಗಿ ನಮ್ಮ ಕಡೆಯ ಬಹಳ ಜನ ಮೊದಲು ನೋಡಿದ ಸಮುದ್ರ ಚೌಪಾಟಿಯದ್ದೇ. ನಮ್ಮದೇ ರಾಜ್ಯದ ಕಡಲಿಗೆ ಹೋಗುವುದು ಕಷ್ಟ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ದಶಕಗಳಿಂದ ಕೇಳುತ್ತಿದ್ದೇವೆ, ಅಂಕೋಲಾಕ್ಕೆ ಇನ್ನೂ ಆ ಹಳಿ ಮುಟ್ಟಿಲ್ಲ. ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಬೇಕು. ಆ ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡದೆ ಇರುವುದು ಅಪರೂಪ. ಒಂದು ರಾತ್ರಿ ಹುಬ್ಬಳ್ಳಿಯಲ್ಲಿ ಉಳಿದು, ಬೆಳಗ್ಗೆ ಹಗುರಾಗಿ ತಿಂದು ಘಟ್ಟ ಇಳಿದರೆ ಎಲ್ಲರ ಮುಖದಲ್ಲೂ ಕಳೆ ಇರುತ್ತದೆ. ಒಂದು ದಿನ ಹೋಯಿತು ಅಂತ ಅನ್ನಬೇಡಿ. ಮಕ್ಕಳಿಗೆ ದಾರಿಯೂ ರಜೆಯೇ ಅಲ್ವಾ?

ಮೂರು ವರ್ಷದವಳಿಗೆ ಸಮುದ್ರ ಮೊದಲು ಒಂದು ದೊಡ್ಡ ಸದ್ದು. ಅಪ್ಪನ ಕೊರಳು ಬಿಟ್ಟು ಇಳಿಯಲೇ ಇಲ್ಲ. ಕೊನೆಗೆ ಅಂಚಿನಲ್ಲಿ ನಿಲ್ಲಿಸಿದಾಗ ಅಲೆ ಬಂದು ಪಾದ ತೋಯಿಸಿತು. ವಾಪಸ್ ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಯಿತು. ನೆಲವೇ ಜಾರುತ್ತಿದೆ ಅಂತ ಹುಡುಗಿ ಚೀರಿದಳು. ಇಂಥ ಮಗುವನ್ನು ‘ಹೆದರಬೇಡ, ಬಾ’ ಅಂತ ನೀರಿಗೆ ಎಳೆಯುವವರನ್ನು ಅಲ್ಲಿ ಬೇಕಾದಷ್ಟು ನೋಡಿದೆ. ದಯವಿಟ್ಟು ಹಾಗೆ ಮಾಡಬೇಡಿ. ಸುಮ್ನೆ ಒಣ ಮರಳಿನಲ್ಲಿ ಒಂದು ಚೊಂಬು ಕೊಟ್ಟು ಕೂರಿಸಿ, ಎರಡನೇ ದಿನ ಮಗು ತಾನಾಗಿ ನೀರಿನ ಹತ್ತಿರ ಹೋಗುತ್ತದೆ. ಬೆಳಗ್ಗೆ ಬೇಗ ಮತ್ತು ಬಿಸಿಲು ಇಳಿದ ಮೇಲೆ ದಂಡೆಯಲ್ಲಿರಿ, ನಡುವೆ ನೆರಳಲ್ಲಿ ಮಲಗಿಸಿ. ನಮ್ಮೂರಿನ ಬಿಸಿಲು ಜೋರು, ಆದರೆ ಒಣ ಬಿಸಿಲು. ಅಲ್ಲಿ ಬೆವರು ಆರುವುದೇ ಇಲ್ಲ, ಮಕ್ಕಳು ಬೇಗ ಬಸವಳಿಯುತ್ತವೆ.

ಊಟದ್ದೂ ಒಂದು ಮಾತು. ಅಲ್ಲಿಯ ಕುಚ್ಚಲಕ್ಕಿ ಅನ್ನ, ತೆಂಗಿನೆಣ್ಣೆಯ ಅಡುಗೆ ದೊಡ್ಡವರಿಗೆ ರುಚಿ, ಚಿಕ್ಕವರಿಗೆ ಮೊದಲ ದಿನ ಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ. ಮೊಸರಿನಲ್ಲಿ ಪುಡಿ ಮಾಡಿ ಕಲಸಿದರೆ ಹಟ ಮಾಡದೆ ತಿನ್ನುತ್ತಾರೆ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಡಬೇಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಇಲ್ಲಿ ತಿಂಗಳುಗಟ್ಟಲೆ ಇರುವ ರೊಟ್ಟಿ ಆ ಹವೆಗೆ ರಾತ್ರಿ ಕಳೆಯುವುದರೊಳಗೆ ಮೆತ್ತಗಾಗುತ್ತದೆ.

ಹತ್ತು ವರ್ಷದವರದ್ದು ಪ್ರಶ್ನೆಯ ವಯಸ್ಸು. ಹೊನ್ನಾವರದ ಹತ್ತಿರ ಶರಾವತಿಯ ಕಾಂಡ್ಲಾ ಕಾಡಿನೊಳಗೆ, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮರಗಳ ನಡುವೆ, ಮರದ ದಾರಿ ಕಟ್ಟಿದ್ದಾರೆ. ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಬೇರು, ಬಿಲಕ್ಕೆ ಓಡುವ ಏಡಿ ನೋಡುತ್ತ ನನ್ನ ಮಗಳು ಊಟದ ಹೊತ್ತನ್ನೇ ಮರೆತಳು. ಇಂಥ ಮಕ್ಕಳಿಗೆ ಹೊರಡುವ ಮೊದಲೇ ಮನೆಯ ನೆಲ ತೋರಿಸಿ. ನಮ್ಮ ಶಹಾಬಾದ್ ಫರಶಿ ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು. ಸಮುದ್ರ ಒಂದು ಕಾಲಕ್ಕೆ ಇಲ್ಲಿಯೂ ಇತ್ತು ಅಂತ ಗೊತ್ತಾದರೆ ಅವರು ನೋಡುವ ರೀತಿಯೇ ಬೇರೆಯಾಗುತ್ತದೆ.

ಆದರೆ ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ದೊಡ್ಡ ಹುಡುಗ. ಮನೆಯವರ ಕಣ್ಣೆಲ್ಲ ಸಣ್ಣ ಮಗುವಿನ ಮೇಲಿರುತ್ತದೆ. ಸಣ್ಣವಳು ಅಲೆ ಕಂಡರೆ ತಾನಾಗಿ ಹಿಂದೆ ಸರಿಯುತ್ತಾಳೆ. ಮುಂದೆ ಹೋಗುವವನು ಹದಿನಾರರವನು. ನಮ್ಮ ಹುಡುಗ ಕಾಗಿಣಾ ನದಿ ದಂಡೆಯ ಊರಿನಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವನು. ‘ಚಿಗವ್ವ, ನನಗ ಈಜು ಬರ್ತದ ಬಿಡ್ರಿ’ ಅಂದ. ಬಾವಿಯ ನೀರು ನಿಂತ ನೀರು. ಸಮುದ್ರದ ನೀರು ದಂಡೆಗೆ ಬರುವಷ್ಟೇ ಜೋರಾಗಿ ಒಳಗೂ ಹೋಗುತ್ತದೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ಹೈಸ್ಕೂಲ್ ಹುಡುಗಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಅವರದ್ದೂ ನಮ್ಮ ಹಾಗೆ ಕಡಲಿಲ್ಲದ ಜಿಲ್ಲೆ. ಆ ಸುದ್ದಿ ಓದಿದ ದಿನ ನನಗೆ ಅನ್ನ ಇಳಿದಿರಲಿಲ್ಲ.

ನಾವು ಇಳಿದದ್ದು ಶರಾವತಿ ಸೇತುವೆ ದಾಟಿದರೆ ಸಿಗುವ ಕಾಸರಕೋಡಿನಲ್ಲಿ. ಶುಚಿಯಾದ, ಸುರಕ್ಷಿತ ದಂಡೆಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡುಬಿದ್ರಿಯ ಜೊತೆ ಪಡೆದ ದಂಡೆ ಅದು. ಶೌಚಾಲಯ, ಸ್ನಾನದ ಜಾಗ, ಬಟ್ಟೆ ಬದಲಿಸುವ ಕೋಣೆ ಇವೆ. ಆಯಿ ಇದ್ದ ಕಾರಣ ಇದು ನಮಗೆ ದೊಡ್ಡ ಅನುಕೂಲ. ಜೀವರಕ್ಷಕರೂ ಇದ್ದರು. ಅವರಲ್ಲೊಬ್ಬರು ನಮ್ಮ ಹುಡುಗನನ್ನು ನೀರಿಗೆ ಬಿಡುವ ಮೊದಲು ದಂಡೆಯಲ್ಲೇ ನಿಲ್ಲಿಸಿ ‘ಎಲ್ಲಿ ಇಳೀತೀಯ, ತೋರಿಸು’ ಅಂದರು. ಎರಡೂ ಕಡೆ ಬಿಳಿ ನೊರೆಯ ಅಲೆ ಒಡೆಯುತ್ತಿತ್ತು, ನಡುವೆ ಒಂದು ಪಟ್ಟಿಯಲ್ಲಿ ನೀರು ಶಾಂತವಾಗಿತ್ತು. ಅವನು ಆ ಶಾಂತ ಜಾಗವನ್ನೇ ತೋರಿಸಿದ. ‘ಒಳಗೆ ಎಳಕೊಂಡು ಹೋಗೋದು ಅದೇ’ ಅಂದರು ಅವರು. ದಂಡೆಗೆ ಬಂದ ನೀರೆಲ್ಲ ಅಂಥ ಸಂದಿಯಲ್ಲೇ ವಾಪಸ್ ಹರಿಯುತ್ತದಂತೆ. ಸಿಕ್ಕಿಕೊಂಡರೆ ದಂಡೆಯ ಕಡೆಗೇ ಈಜಿ ಸುಸ್ತಾಗಬಾರದು. ತೇಲುತ್ತ ಕೈ ಎತ್ತಬೇಕು, ಸಾಧ್ಯವಾದರೆ ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಬರಬೇಕು. ಕೆಂಪು–ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಬೇಕು, ಬರೀ ಕೆಂಪು ಬಾವುಟ ಇದ್ದರೆ ಇಳಿಯಲೇಬಾರದು. ಇಷ್ಟು ಹೇಳಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪ್ರವಾಸ ಹೊರಡುವ ಶಾಲೆಗಳು ಇದನ್ನು ಒಂದು ಪಿರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಬಹುದು, ಹೇಳಲೇಬೇಕು.

ದೊಡ್ಡವನು ನೀರಿನಲ್ಲಿದ್ದಷ್ಟು ಹೊತ್ತು ನಮ್ಮ ಯಜಮಾನರಿಗೆ ಬೇರೆ ಕೆಲಸ ಇರಲಿಲ್ಲ. ಫೋನ್ ನನ್ನ ಚೀಲದಲ್ಲಿತ್ತು. ಸಣ್ಣವಳಿಗೆ ಅವಳಪ್ಪ. ‘ಎಲ್ಲರೂ ಎಲ್ಲರನ್ನೂ ನೋಡ್ತಿರ್ರಿ’ ಅಂದರೆ ಯಾರೂ ಯಾರನ್ನೂ ನೋಡುವುದಿಲ್ಲ.

ಇನ್ನು ಭರತ–ಇಳಿತ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಜಾಸ್ತಿ. ಗಾಣಗಾಪುರಕ್ಕೆ ಹೋಗಲು ಕ್ಯಾಲೆಂಡರಿನಲ್ಲಿ ಹುಣ್ಣಿಮೆ ನೋಡುವ ನಮಗೆ ಸಮುದ್ರಕ್ಕೆ ಹೋಗುವಾಗಲೂ ಅದನ್ನು ನೋಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ.

ಅದಕ್ಕೇ ಪತ್ರಿಕೆಗೆ ನನ್ನದೊಂದು ಬೇಡಿಕೆ. ರಜೆಯ ವಾರಗಳಲ್ಲಿ ಕಲಬುರಗಿ, ಬೀದರ್, ಯಾದಗಿರಿ ಓದುಗರಿಗೆ ಬಂಗಾರದ ದರದ ಪಕ್ಕದಲ್ಲೇ ಹೊನ್ನಾವರ, ಮಲ್ಪೆಯ ಭರತ–ಇಳಿತದ ಹೊತ್ತು ಹಾಕಿ. ಯಾವ ದಂಡೆಯಲ್ಲಿ ಜೀವರಕ್ಷಕರಿದ್ದಾರೆ ಅಂತಲೂ ತಿಳಿಸಿ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದವರು ಒಂದೇ ಊರಿನಲ್ಲಿ ಎರಡು ರಾತ್ರಿ ಉಳಿಯುವಂಥ ಕುಟುಂಬ ಪ್ರವಾಸದ ಬಸ್ಸುಗಳನ್ನು ಕರಾವಳಿಗೆ ಬಿಡಲಿ. ನವರಾತ್ರಿಗೆ ಮೊದಲೇ ಶುರು ಮಾಡಿದರೆ ಈ ರಜೆಗೆ ಹೊರಟವರಿಗೂ ಉಪಯೋಗ ಆಗುತ್ತದೆ.

ಇಂತಿ,
ನಿಮ್ಮ ಓದುಗಳು
ಬ್ರಹ್ಮಪುರ, ಕಲಬುರಗಿ