ಗ್ಯಾಲರಿಯಲ್ಲಿ ಪಕ್ಕ ಕೂತಿದ್ದ ಆ ಅಕ್ಕನಿಗೆ

ಅಕ್ಕಾ, ಅವತ್ತು ನಿಮ್ಮ ಹೆಸರು ಕೇಳೋದೇ ಮರೆತೆ. ಈಜು ಸ್ಪರ್ಧೆಯ ದಿನ ನನ್ನ ಪಕ್ಕ ಸ್ಟಾಪ್‌ವಾಚ್ ಹಿಡಿದು ಕೂತಿದ್ದಿರಿ.

ಮಗಳು 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡನೆಯವಳಾಗಿ ಮುಗಿಸಿದ್ದಳು. ಆಮೇಲೆ ಅನರ್ಹ ಅಂತ ಘೋಷಿಸಿದರು. ತಿರುಗುವಾಗ ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೆ ಮುಟ್ಟಬೇಕು. ಅವಳ ಒಂದು ಕೈ ತಡವಾಗಿ ತಾಗಿತ್ತು, ಅಷ್ಟೇ. ನಸುಕಿನಲ್ಲಿ ಎದ್ದ ಅಷ್ಟೂ ತಿಂಗಳು ನನ್ನ ಕಣ್ಣ ಮುಂದೆ ಬಂತು. "ಎಷ್ಟು ಸಲ ಹೇಳಿದ್ದೀನಿ!" ಅಂತ ಬೈಯಲು ಎದ್ದೇಬಿಟ್ಟಿದ್ದೆ.

ನೀವು ಮೊಣಕೈ ಹಿಡಿದು ನಿಲ್ಲಿಸಿದಿರಿ. "ತಿದ್ದೋಕೆ ಕೋಚ್ ಇದ್ದಾರೆ. ನೀವು ಟವೆಲ್ ತಗೊಂಡು ಹೋಗಿ. ಅವಳಾಗಿ ಹೇಳೋವರೆಗೂ ರೇಸ್ ಸುದ್ದಿ ಎತ್ತಬೇಡಿ" ಅಂದಿರಿ.

ಟವೆಲ್ ಹೊದಿಸಿದೆ. ಅವಳ ತುಟಿ ನಡುಗುತ್ತಿತ್ತು. ಕಣ್ಣ ಸುತ್ತ ಗಾಗಲ್ಸ್ ಗುರುತು ಕೆಂಪಗೆ ಕೂತಿತ್ತು. ನಾನು ಸುಮ್ನೆ ಪಕ್ಕದಲ್ಲಿ ನಡೆದೆ. ಹಾಗೆ ಸುಮ್ಮನಿರೋದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು, ಅಲ್ವಾ? ಮನೆ ಹತ್ತಿರ ಬಂದಾಗ ಅವಳೇ ಬಾಯಿಬಿಟ್ಟಳು: "ಅಮ್ಮಾ, ನಾಳೆಯಿಂದ ಟರ್ನ್ ಜಾಸ್ತಿ ಪ್ರಾಕ್ಟೀಸ್ ಮಾಡ್ತೀನಿ."

ನಾನು ಬೈದಿದ್ದರೆ ಆ ಮಾತು ಬರುತ್ತಿರಲಿಲ್ಲ. ಅವಳು ಈಗಲೂ ಖುಷಿಯಿಂದ ಈಜುತ್ತಿದ್ದಾಳೆ. ನಿಮಗೆ ತುಂಬು ಮನಸ್ಸಿನ ಧನ್ಯವಾದ ಅಕ್ಕಾ.